ಇಲ್ಲದ ಕಿಟಕಿಯ ಗಾಳಿ

ಅವರ ಒಂದು ಹುಬ್ಬು ಅರ್ಧದಿಂದ ಆಚೆಗೆ ಬಿಳಿಯಾಗಿತ್ತು, ಸುಣ್ಣ ಹತ್ತಿದ ಬೆರಳಿನಿಂದ ಯಾರೋ ಒರೆಸಿದ ಹಾಗೆ. ಎಡ ಹುಬ್ಬು ಎಂದು ಬರೆದು ಹೊಡೆದುಹಾಕಿದೆ. ಬಲ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ಮಂಚದಲ್ಲಿ ಮಲಗಿದವನಿಗೆ, ಮೇಲಿನಿಂದ ಬಗ್ಗಿ ನೋಡುವವರ ಎಡ ಯಾವುದು, ಬಲ ಯಾವುದು? ನಾನು ಅವರನ್ನು ಮೊದಲು ಕಂಡದ್ದು ಹಾಗೆ ಮಲಗಿಕೊಂಡೇ. ಮೊದಲು ನಸ್ಯದ ವಾಸನೆ ಬಂತು, ಆಮೇಲೆ ಹುಬ್ಬು. ಬಿಳಿ ಕೋಟಿನ ಜೇಬಿನ ಅಂಚು ನಸ್ಯ ಹತ್ತಿ ಕಂದುಬಣ್ಣಕ್ಕೆ ತಿರುಗಿತ್ತು. ಇದು ಖಚಿತ. ಖಚಿತ ಎಂದರೆ, ನನಗೆ ಹಾಗೆ ಅನಿಸುತ್ತದೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆ ಅದು. ಅವರು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯರು. ರೋಗಿಗಳ ಬಾಯಲ್ಲಿ ‘ಪ್ರಜ್ಞೆ ತಪ್ಪಿಸುವ ಡಾಕ್ಟ್ರು’. ನಾನು ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಕೊಟ್ಟಾರದ ತಿರುವಿನಲ್ಲಿ ಸ್ಕೂಟರ್ ಜಾರಿ ಬಿದ್ದು, ಬೆನ್ನುಮೂಳೆಗೆ ಏಟಾಗಿ, ಆಪರೇಷನ್ ಆಗಿ, ಗಾಯವೂ ಮಾಗಿತ್ತು. ಎಕ್ಸ್‌ರೇ ನೋಡಿದವರೆಲ್ಲ ‘ಈಗ ಸರಿ ಉಂಟು’ ಎಂದು ತಲೆಯಾಡಿಸಿದ್ದರು. ಆದರೆ ನೋವು ಹೋಗಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಯಾರೋ ಕಾದ ತಂತಿ ಎಳೆಯುತ್ತಿದ್ದ ಹಾಗೆ. ಕರಿಹಲಗೆಯ ಮುಂದೆ ಒಂದು ಪೀರಿಯಡ್ ನಿಲ್ಲುವುದು ಸಾಧ್ಯವಿರಲಿಲ್ಲ. ನನ್ನ ಕೆಲಸವಿನ್ನೂ ಕಾಯಂ ಆಗಿರಲಿಲ್ಲ. ಕಾಲೇಜು ತೆರೆಯುವಷ್ಟರಲ್ಲಿ ನಿಂತು ಪಾಠ ಮಾಡುವಂತಾದರೆ ಸರಿ, ಇಲ್ಲವಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಪ್ರಿನ್ಸಿಪಾಲರು ಬಹಳ ಮೃದುವಾಗಿ ಹೇಳಿ ಕಳಿಸಿದ್ದರು. ಮತ್ತೆ ಆಸ್ಪತ್ರೆ ಸೇರಿದ್ದೆ.

ಅವರು ಸ್ಟೂಲು ಎಳೆದು ಕೂತರು. ದಪ್ಪ ದೇಹ, ಸ್ಟೂಲು ಕಿರುಗುಟ್ಟಿತು.

“ಎಂತ ಮಾಷ್ಟ್ರೇ, ನೋವು ಎಲ್ಲಿ ಉಂಟು?”

“ಫೈಲಿನಲ್ಲಿ ಬರೆದಿದ್ದಾರಲ್ಲ.”

“ಫೈಲಿಗೆ ನೋವಿಲ್ಲ ಮಾರಾಯ್ರೆ. ಅದಕ್ಕೆ ನಿಮ್ಮನ್ನು ಕೇಳಿದ್ದು.”

ಮಾತ್ರೆಗಳ ಜೊತೆಗೆ ಇನ್ನೊಂದು ಕೆಲಸ ಮಾಡುವ ಎಂದರು. ಕಣ್ಣು ಮುಚ್ಚಿ, ಇಷ್ಟವಾದ ಒಂದು ಜಾಗವನ್ನು ಮನಸ್ಸಿನಲ್ಲಿ ಕಂಡು, ಅಲ್ಲಿ ಸ್ವಲ್ಪ ಹೊತ್ತು ಇದ್ದು ಬರುವುದು. ದಾರಿ ತೋರಿಸಲಿಕ್ಕೆ ಅವರು ಪಕ್ಕದಲ್ಲಿ ಮಾತಾಡುತ್ತಾ ಇರುತ್ತಾರೆ. “ಮದ್ದು ನಿಲ್ಲಿಸುವುದಿಲ್ಲ, ಹೆದರ್ಬೇಡಿ. ಇದು ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ.”

ನಾನು ದೇವಸ್ಥಾನದ ಅರ್ಚಕರ ಮನೆಯಲ್ಲಿ ಹುಟ್ಟಿ, ವಿಶ್ವವಿದ್ಯಾಲಯದಲ್ಲಿ ಓದಿ, ಕಣ್ಣು ಮುಚ್ಚಿ ಮಾಡುವ ಯಾವುದನ್ನೂ ನಂಬುವುದಿಲ್ಲ ಎಂದು ತೀರ್ಮಾನಿಸಿಕೊಂಡವನು. “ಇದಕ್ಕೆ ಪುರಾವೆ ಎಂತ ಉಂಟು?” ಎಂದು ಕೇಳಿದೆ.

“ಪುರಾವೆ ಬೇಕಾದ್ರೆ ಹಂಪನಕಟ್ಟೆಯಲ್ಲಿ ವಕೀಲರಿದ್ದಾರೆ. ನನ್ನ ಹತ್ರ ಇರುವುದು ಒಂದು ಸ್ಟೂಲು, ಒಂದು ಬಾಯಿ.”

ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ. ಈಗ ನೆನಪಿನಲ್ಲಿ ಎಲ್ಲವೂ ಕನ್ನಡದಲ್ಲೇ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಬರೆದದ್ದು ಎಷ್ಟು ಅವರ ಮಾತು, ಎಷ್ಟು ನನ್ನದು ಎಂಬ ಅನುಮಾನ ಬಿಡುವುದಿಲ್ಲ.

ಅವರ ಮೊದಲ ಸೋಲಿನ ಕತೆಯನ್ನು ಮಾತ್ರ ಅವರೇ ಹಲವು ಸಲ ಹೇಳಿದ್ದರಿಂದ ಅದು ಗಟ್ಟಿಯಾಗಿ ನಿಂತಿದೆ. ಈ ಉಪಾಯವನ್ನು ಅವರು ಹೊರದೇಶದ ಯಾವುದೋ ವೈದ್ಯಕೀಯ ಪತ್ರಿಕೆಯಲ್ಲಿ ಓದಿದ್ದರಂತೆ. ಅದರಲ್ಲಿ ಇದ್ದ ಹಾಗೆಯೇ ಸಮುದ್ರತೀರದ ಒಂದು ಚಿತ್ರವನ್ನು ಬಾಯಿಪಾಠ ಮಾಡಿಕೊಂಡು, ಬಂದರಿನಲ್ಲಿ ಮೀನು ಮಾರುತ್ತಿದ್ದ ಹೆಂಗಸೊಬ್ಬರ ಮಂಚದ ಪಕ್ಕ ಕೂತರು. ಆಕೆಗೆ ವರ್ಷಗಳಿಂದ ಕುತ್ತಿಗೆ ನೋವು. “ನೀವು ಸಮುದ್ರದ ದಂಡೆಯಲ್ಲಿ ಹಾಯಾಗಿ ಮಲಗಿದ್ದೀರಿ” ಎಂದು ಶುರು ಮಾಡಿದರು. ಆಕೆ ಒಂದು ಕಣ್ಣು ತೆರೆದರು.

“ದಂಡೆಯಲ್ಲಿ ನಾನು ಎಂತಕ್ಕೆ ಮಲಗುವುದು ಡಾಕ್ಟ್ರೇ? ಬೆಳಗ್ಗೆ ಊರಿನ ಗಂಡಸರು ಚೆಂಬು ಹಿಡಿದು ಬಂದು ಕೂತ್ಕೊಳ್ಳುವ ಜಾಗ ಅದು.”

“ಹಾಗಾದ್ರೆ ನಿಮಗೆ ಹಾಯೆನಿಸುವುದು ಎಲ್ಲಿ?”

“ಬುಟ್ಟಿ ಖಾಲಿಯಾದ ಮೇಲೆ ಅಂಗಡಿಯ ಜಗಲಿಯಲ್ಲಿ ಕಾಲು ಚಾಚುವಾಗ.”

ಆವತ್ತೇ ಬಾಯಿಪಾಠ ಬಿಟ್ಟೆ ಎನ್ನುತ್ತಿದ್ದರು. “ಇನ್ನೊಬ್ಬರ ಸಮುದ್ರದಲ್ಲಿ ಯಾರಿಗೂ ಈಜಲಿಕ್ಕೆ ಆಗುದಿಲ್ಲ ಮಾಷ್ಟ್ರೇ. ನಿಮ್ಮ ಜಾಗ ಹೇಳಿ.”

ನಾನು ಮೈಸೂರಿನಲ್ಲಿ ಓದುತ್ತಿದ್ದ ಗ್ರಂಥಾಲಯ ಎಂದೆ. ಒಬ್ಬ ವಿಚಾರವಂತನಿಗೆ ಒಪ್ಪುವ ಜಾಗ. ಅವರು ನಿಧಾನವಾಗಿ ಒಳಗೆ ಕರೆದುಕೊಂಡು ಹೋದರು. ಫ್ಯಾನು ತಿರುಗುತ್ತಿದೆ, ಕಬ್ಬಿಣದ ಮೇಜು ತಣ್ಣಗಿದೆ, ಹೊರಗೆ ಲಾರಿಗಳ ಹಾರನ್ನು. ನಾನು ಹೂಂಗುಟ್ಟುತ್ತಾ ಇದ್ದೆ. ಕಾಲಿನ ತಂತಿ ಕಾಯುತ್ತಲೇ ಇತ್ತು. ಅವರು ಅರ್ಧದಲ್ಲಿ ನಿಲ್ಲಿಸಿ ನಸ್ಯದ ಡಬ್ಬಿ ತೆಗೆದರು.

“ನೀವು ಅಲ್ಲಿಗೆ ಹೋಗಲೇ ಇಲ್ಲ. ಲೈಬ್ರರಿಯಲ್ಲಿ ಕಬ್ಬಿಣದ ಮೇಜು ಉಂಟಾ? ನಾನು ಹೇಳಿದ್ದಕ್ಕೆಲ್ಲ ಹೂಂ ಹೇಳಿದ್ರಿ.”

ಮರುದಿನ ನಿಜವಾದ ಜಾಗ ಹೇಳಿದೆ. ಹೇಳಲು ನಾಚಿಕೆಯಾಗಿತ್ತು. ಅದು ನಮ್ಮ ದೇವಸ್ಥಾನದ ಹಿಂಬದಿಯ ಜಗಲಿ. ಮಧ್ಯಾಹ್ನ ಕಳೆದ ಮೇಲೆ ಸಂಜೆಯ ಪೂಜೆಗೆ ಅಪ್ಪ ಅಲ್ಲಿ ಕೂತು ಗಂಧ ತೇಯುತ್ತಿದ್ದರು. ನಾನು ಕಂಬಕ್ಕೆ ಒರಗಿ ಆ ಸದ್ದು ಕೇಳುತ್ತಾ ಕೂರುತ್ತಿದ್ದೆ. ದೇವರನ್ನು ಬಿಟ್ಟವನಿಗೆ ಆ ಜಗಲಿಯನ್ನು ಬಿಡಲಾಗಿರಲಿಲ್ಲ. ಅವರು ನಗಲಿಲ್ಲ. ಕಣ್ಣು ಮುಚ್ಚಿ ಎಂದರು.

“ತಂದೆಯವರು ಕೂತಿದ್ದಾರೆ. ಎಡಗೈಯಲ್ಲಿ ಗಂಧ ತೇಯ್ತಾ ಇದ್ದಾರೆ.”

“ಎಡಗೈಯಲ್ಲಿ ಯಾರಾದ್ರೂ ಗಂಧ ತೇಯುದುಂಟಾ ಡಾಕ್ಟ್ರೇ? ಬಲಗೈ.”

“ಹೌದಾ. ಬಲಗೈ. ಕಲ್ಲು ಕಪ್ಪು.”

“ಬೂದು. ನಡುವೆ ತೇದು ತೇದು ತಗ್ಗಾಗಿದೆ.”

“ಪಕ್ಕದಲ್ಲಿ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು.”

“ತಾಮ್ರದ ಗಿಂಡಿ. ಪ್ಲಾಸ್ಟಿಕ್ ಎಲ್ಲಿತ್ತು ಆಗ?” ಎಂದು ರೇಗಿದೆ. ರೇಗುವಾಗ ಗಿಂಡಿಯ ಮೂತಿ ಸ್ವಲ್ಪ ಜಜ್ಜಿಹೋಗಿದ್ದದ್ದು ಕಂಡಿತು. ಅಪ್ಪನ ಹೆಬ್ಬೆರಳಿನ ಉಗುರಿಗೆ ಗಂಧ ಮೆತ್ತಿದ್ದು ಕಂಡಿತು.

“ಈಗ ನೋವು ಎಲ್ಲಿ ಉಂಟು?”

ನೋವು ಇತ್ತು. ಆದರೆ ಮುಂದಿನ ಬೆಂಚಿನ ಗಲಾಟೆಯ ಹುಡುಗ ಎದ್ದು ಹಿಂದಿನ ಬೆಂಚಿಗೆ ಹೋಗಿ ಕೂತ ಹಾಗೆ, ದೂರದಲ್ಲಿ ಇತ್ತು. ಪಾಠ ನಿಲ್ಲಿಸಬೇಕಾದಷ್ಟಲ್ಲ.

ಕೆಲವು ವಾರ ಹೀಗೆ ನಡೆಯಿತು. ಎಷ್ಟು ಸಲ ಹೇಳಿದರೂ ಅವರಿಗೆ ಕಲ್ಲಿನ ಬಣ್ಣ ನೆನಪಿರುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಬ್ಯಾರಿ ಸಮುದಾಯದ ಮರದ ವ್ಯಾಪಾರಿಯೊಬ್ಬರಿದ್ದರು, ಅವರ ಪಾಡೂ ಅದೇ. “ನಿಮ್ಮ ಅಜ್ಜನ ಮನೆಯ ಚೌಕ ಬಾವಿ” ಎಂದು ಡಾಕ್ಟರು ಶುರು ಮಾಡಿದರೆ, “ಎಂತ ಡಾಕ್ಟ್ರೇ, ದಿನಾ ಚೌಕ ಮಾಡ್ತೀರಿ. ಅದು ಉರುಟು ಬಾವಿ. ನಿಮ್ಮ ತಲೆಗೇ ಒಂದು ಇಂಜೆಕ್ಷನ್ ಕೊಡ್ಬೇಕು” ಎಂದು ಆತ ಗದರುತ್ತಿದ್ದರು. ಗದರಿ ಮುಗಿಸುವಾಗ ಅವರ ಮುಖದ ಗಂಟು ಸಡಿಲವಾಗಿರುತ್ತಿತ್ತು.

ಆದರೆ ಇದೇ ಡಾಕ್ಟರು ವಾರ್ಡಿನ ಪ್ರತಿಯೊಬ್ಬರ ಮದ್ದಿನ ಪ್ರಮಾಣವನ್ನು ಫೈಲು ನೋಡದೆ ಹೇಳುತ್ತಿದ್ದರು. ಅದು ನನ್ನನ್ನು ಕೊರೆಯತೊಡಗಿತು. ಒಂದು ದಿನ ಕೇಳಿಯೇಬಿಟ್ಟೆ. “ನೀವು ಬೇಕೂಂತ ತಪ್ಪು ಹೇಳುದಲ್ವಾ?”

ಅವರು ಚಿಟಿಕೆ ನಸ್ಯ ಏರಿಸಿ, ಸೀನು ಬರುವವರೆಗೆ ಕಾದು, ಸೀನಿ, ಮೂಗು ಒರೆಸಿಕೊಂಡರು. “ನಾನು ಸರಿ ಹೇಳಿದ್ರೆ ನೀವು ಕೇಳ್ತಾ ಮಲಗ್ತೀರಿ. ತಪ್ಪು ಹೇಳಿದ್ರೆ ಹೋಗಿ ನೋಡಿ ಬರ್ತೀರಿ.”

“ಇದು ಮೋಸ.”

“ಹೌದು. ಕಾಲು ಹೇಗುಂಟು?”

ಗುಟ್ಟು ತಿಳಿದ ಮೇಲೆ ಉಪಾಯ ಕೆಲಸ ಮಾಡಬಾರದಿತ್ತು. ಮಾಡಿತು. ಇದು ನನಗೆ ಆಗಲೂ ಸಿಟ್ಟು ತರಿಸಿತ್ತು, ಈಗಲೂ ತರಿಸುತ್ತದೆ. ಎಲ್ಲರಿಗೂ ಅದು ಕೆಲಸ ಮಾಡುತ್ತಿರಲಿಲ್ಲ ಎಂಬುದನ್ನೂ ಬರೆಯಬೇಕು. ಕೆಲವರು ಕಣ್ಣು ಮುಚ್ಚಿದರೆ ಕತ್ತಲೆ ಮಾತ್ರ ಕಾಣುತ್ತದೆ ಎಂದು ಅಳುತ್ತಿದ್ದರು. ಅಂಥವರನ್ನು ಅವರು ಮತ್ತೆ ಒತ್ತಾಯಿಸುತ್ತಿರಲಿಲ್ಲ. ‘ಇವರಿಗೆ ನನ್ನ ಬಾಯಿ ಆಗುದಿಲ್ಲ’ ಎಂದು ನರ್ಸಿಗೆ ಹೇಳಿ ಮದ್ದು ಬದಲಿಸುತ್ತಿದ್ದರು. ಸರ್ಜನ್ನರು ಅವರನ್ನು ಕತೆಗಾರ ಎಂದು ಚುಚ್ಚುತ್ತಿದ್ದರು.

ಜೂನ್‌ನಲ್ಲಿ ನಾನು ಕರಿಹಲಗೆಯ ಮುಂದೆ ನಿಂತೆ. ಒಂದು ಕೈ ಮೇಜಿನ ಮೇಲೆ. ಮನಸ್ಸಿನ ಒಂದು ಮೂಲೆಯಲ್ಲಿ ಗಂಧ ತೇಯುವ ಸದ್ದು. ಮಕ್ಕಳಿಗೆ ಏನೂ ತಿಳಿಯಲಿಲ್ಲ. ಕೆಲಸ ಉಳಿಯಿತು.

ಆಮೇಲೆ ಭಾನುವಾರಗಳಲ್ಲಿ ಅವರ ಮನೆಗೆ ಹೋಗುವುದು ರೂಢಿಯಾಯಿತು. ಅವರ ಹೆಂಡತಿ ಚಹಾ ತಂದಿಟ್ಟು “ಶುರುವಾಯ್ತಾ ನಿಮ್ಮ ಕೋಳಿ ಅಂಕ?” ಎಂದು ನಮ್ಮ ವಾದವನ್ನು ಹುಂಜಗಳ ಕಾಳಗಕ್ಕೆ ಸೇರಿಸುತ್ತಿದ್ದರು. ನೋವು ತೀರಾ ಹೆಚ್ಚಾದಾಗಲೇ ಜನ ವೈದ್ಯರ ಬಳಿ ಬರುವುದು, ಹೆಚ್ಚಾದದ್ದು ತಾನಾಗಿಯೇ ಸರಾಸರಿಯ ಕಡೆಗೆ ಇಳಿಯುತ್ತದೆ, ಅದರ ಯಶಸ್ಸನ್ನು ನೀವು ಹೊಡೆದುಕೊಳ್ಳುತ್ತಿದ್ದೀರಿ ಎಂದು ನಾನು ವಾದಿಸುತ್ತಿದ್ದೆ. “ಹಾಗಾದ್ರೆ ಸರಾಸರಿಗೇ ಒಂದು ಕಾಯಿ ಒಡೆಯಿರಿ” ಎನ್ನುತ್ತಿದ್ದರು. ನಾನು ಹೇಳಿದ್ದು ಶಾಸ್ತ್ರದ ಪ್ರಕಾರ ಸರಿ. ನನ್ನ ವಿಷಯದಲ್ಲಿ ಅದು ನಿಜವೇ ಎಂದು ತಿಳಿಯಲು ದಾರಿಯಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಅವರ ಎಲುಬಿಗೆ ಕ್ಯಾನ್ಸರ್ ಹಬ್ಬಿತು. ಅದೇ ಆಸ್ಪತ್ರೆಯಲ್ಲಿ ಮಲಗಿದರು. ಅಲ್ಲಿಯವರು ಸಿಗುವ ಮದ್ದೆಲ್ಲ ಕೊಡುತ್ತಿದ್ದರು; ಒಂದು ಮದ್ದಿಗೂ ಇನ್ನೊಂದಕ್ಕೂ ನಡುವಿನ ಹೊತ್ತು ಮಾತ್ರ ದಾಟುತ್ತಿರಲಿಲ್ಲ. ಒಂದು ದಿನ ಅವರ ಹೆಂಡತಿ ಕಾಲೇಜಿಗೆ ಫೋನು ಮಾಡಿದರು. “ಮಾಷ್ಟ್ರೇ, ಇವರು ಹಠ ಹಿಡಿದಿದ್ದಾರೆ. ನೀವೇ ಬರ್ಬೇಕಂತೆ.”

ಹೋದೆ. ಸ್ಟೂಲಿನಲ್ಲಿ ನಾನು, ಮಂಚದಲ್ಲಿ ಅವರು. ಮುಖ ಅರ್ಧವಾಗಿತ್ತು. ಬಂದರಿನಲ್ಲಿದ್ದ ತಮ್ಮ ತಂದೆಯ ಊಟದ ಹೊಟೇಲಿಗೆ ಕರೆದುಕೊಂಡು ಹೋಗಿ ಎಂದರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಹೊತ್ತು. ಆ ಹೊಟೇಲು ನಾನು ಈ ಊರಿಗೆ ಬರುವ ಮೊದಲೇ ಮುಚ್ಚಿ, ಕಟ್ಟಡ ಕೆಡವಿ, ಗೋದಾಮು ಆಗಿತ್ತು.

“ನಾನು ಅದನ್ನು ನೋಡಿಯೇ ಇಲ್ಲ ಡಾಕ್ಟ್ರೇ. ಮನೆಯವರಿಗೆ ಹೇಳಿ. ಮತ್ತೆ, ನನಗೆ ಇದರಲ್ಲಿ ನಂಬಿಕೆಯೂ ಇಲ್ಲ.”

“ಅದಕ್ಕೇ ನಿಮ್ಮನ್ನು ಕರೆಸಿದ್ದು. ಮನೆಯವರಿಗೆ ಹೊಟೇಲು ಗೊತ್ತುಂಟು, ಎಲ್ಲ ಸರಿ ಹೇಳ್ತಾರೆ. ಮತ್ತೆ ಅಳ್ತಾರೆ. ನಿಮ್ಮದು ತಪ್ಪಾಗ್ತದೆ.”

ತಪ್ಪಾಯಿತು. ಮೇಜಿಗೆ ಬಟ್ಟೆ ಹಾಸಿದೆ. ಬಂದರಿನ ಊಟದ ಹೊಟೇಲಿನಲ್ಲಿ ಬಟ್ಟೆ ಹಾಸ್ತಾರಾ ಎಂದು ಬೈದರು, ಬರಿಯ ಕಲ್ಲಿನ ಮೇಜು. ಕೊನೆಯ ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿದೆ, ಬೆಂಚು ಎಂದರು. ತಂದೆಯವರನ್ನು ಅಡುಗೆಮನೆಗೆ ಕಳಿಸಿದೆ. ಅವರು ಅಡುಗೆಮನೆಗೆ ಕಾಲಿಟ್ಟವರಲ್ಲ, ಗಲ್ಲಾದ ಹಿಂದೆ ಮುಖದ ಮೇಲೆ ಪೇಪರು ಹಾಕಿ ನಿದ್ದೆ ಮಾಡ್ತಾರೆ ಎಂದರು. ಗಲ್ಲಾ ಒಳಗೆ ಹೋಗುವಾಗ ಎಡಕ್ಕೋ ಎಂದೆ. “ಬಲಕ್ಕೆ ಮಾರಾಯ್ರೆ, ಬಲಕ್ಕೆ.” ಸಾರಿಸಿದ ನೆಲದ ನೀರು ಹಿಂಬಾಗಿಲಿನಿಂದ ಹೊಳೆಯ ಕಡೆಗೆ ಇಳಿಯುತ್ತಿತ್ತು. ಬೈಯುತ್ತಾ ಬೈಯುತ್ತಾ ಅವರ ಮುಷ್ಟಿ ಬಿಚ್ಚಿಕೊಳ್ಳುತ್ತಿತ್ತು.

ದಿನವೂ ಹೋದೆ. ಹೋಗುತ್ತಾ ಹೋಗುತ್ತಾ ಒಂದು ಸಂಕಟ ಶುರುವಾಯಿತು. ನನಗೆ ಆ ಹೊಟೇಲು ಪೂರ್ತಿ ಗೊತ್ತಾಗಿಬಿಟ್ಟಿತು. ಸಹಜವಾಗಿ ಆಗುತ್ತಿದ್ದ ತಪ್ಪುಗಳು ಮುಗಿದವು. ಜೀವನವಿಡೀ ದೋಷ ಅಳೆಯುವುದನ್ನು ಕಲಿಸಿದವನು ಬಸ್ಸಿನಲ್ಲಿ ಕೂತು ಇವತ್ತು ಯಾವ ದೋಷ ಮಾಡಲಿ ಎಂದು ಯೋಚಿಸಬೇಕಾಯಿತು. ತೀರಾ ಎದ್ದು ಕಾಣುವ ತಪ್ಪಾದರೆ ಅವರಿಗೆ ಗೊತ್ತಾಗುತ್ತಿತ್ತು. “ಇದು ಕಳ್ಳ ತಪ್ಪು” ಎಂದು ಕಣ್ಣು ತೆರೆಯುತ್ತಿದ್ದರು. ಕಣ್ಣು ತೆರೆದರೆ ನೋವು ಮರಳುತ್ತಿತ್ತು.

ಕೊನೆಯ ಸಲ ಒಂದು ಮಧ್ಯಾಹ್ನ. ಹೊಸದೇನೂ ಹೊಳೆಯದೆ ಹಳೆಯದನ್ನೇ ಎತ್ತಿಕೊಂಡೆ. “ನೆಲ ಒರೆಸಿಯಾಗಿದೆ. ಕೆಲಸದವರು ಬೆಂಚಿನಲ್ಲಿ ಮಲಗಿದ್ದಾರೆ. ಎಡಗಡೆ ಗಲ್ಲಾದಲ್ಲಿ ತಂದೆಯವರು...”

ಕಾದೆ. ಅವರು ತಿದ್ದಲಿಲ್ಲ.

“ಎಡಗಡೆ” ಎಂದು ಮತ್ತೊಮ್ಮೆ ಹೇಳಿದೆ.

“ಇರ್ಲಿ ಮಾಷ್ಟ್ರೇ” ಎಂದರು ಕಣ್ಣು ಮುಚ್ಚಿಕೊಂಡೇ. “ಅಲ್ಲೇ ಇರ್ಲಿ. ಅಲ್ಲಿಗೆ ಬೆಳಕು ಚೆಂದ ಬೀಳ್ತದೆ.”

ನಾನು ಮುಂದಿನ ತಪ್ಪಿಗಾಗಿ ಹುಡುಕುತ್ತಿರುವಾಗ ಅವರಿಗೆ ನಿದ್ದೆ ಬಂದಿತ್ತು. ಅದೇ ವಾರ ತೀರಿಕೊಂಡರು.

ಆ ಮಾತು ಇಂದಿಗೂ ನನ್ನನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ. ನೋವು ಇಳಿದದ್ದರಿಂದ ತಿದ್ದುವ ಅಗತ್ಯ ಬೀಳಲಿಲ್ಲವೇ, ಅಥವಾ ತಿದ್ದಲು ಶಕ್ತಿಯಿರಲಿಲ್ಲವೇ? ಇನ್ನೂ ಕೆಟ್ಟ ಯೋಚನೆ, ನಾನು ಅವರ ತಂದೆಯನ್ನು ಅವರ ಜಾಗದಿಂದ ಎಬ್ಬಿಸಿಬಿಟ್ಟೆನೇ? ಬೆಳಕು ಬಿದ್ದದ್ದು ನಿಜವಾಗಿಯೂ ಇದ್ದ ಹೊಟೇಲಿನಲ್ಲೋ, ನಾವಿಬ್ಬರೂ ಸೇರಿ ಕಟ್ಟಿದ್ದರಲ್ಲೋ?

ಬೆನ್ನಿನ ನೋವು ಈಗಲೂ ಬರುತ್ತದೆ. ಬಂದಾಗ ಜಗಲಿಗೆ ಹೋಗುತ್ತೇನೆ. ಕಲ್ಲು, ಗಿಂಡಿ, ಅಪ್ಪನ ಬಲಗೈ, ಪಕ್ಕದ ಕಿಟಕಿಯಿಂದ ಬರುವ ಗಾಳಿ. ಇತ್ತೀಚೆಗೆ ಈ ಕಿಟಕಿಯ ವಿಷಯ ಅಕ್ಕನಲ್ಲಿ ಹೇಳಿದೆ. ಆಕೆ ನಕ್ಕಳು. “ಮೂರು ಕಡೆ ತೆರೆದ ಜಗಲಿಗೆ ಕಿಟಕಿ ಎಂತಕ್ಕೆ ಮಾರಾಯ? ಅಲ್ಲಿ ಕಿಟಕಿ ಇರಲೇ ಇಲ್ಲ.” ದೇವಸ್ಥಾನದ ಜೀರ್ಣೋದ್ಧಾರವಾಗಿ ಹಳೆಯ ಜಗಲಿ ಹೋಗಿದೆ, ನೋಡಿ ಬರುವ ಹಾಗಿಲ್ಲ. ಆ ಕಿಟಕಿ ಡಾಕ್ಟರು ಎಂದೋ ಹೇಳಿದ, ನಾನು ತಿದ್ದಲು ಮರೆತ ತಪ್ಪು ಇರಬೇಕು.

ಅಕ್ಕನ ಮಾತೇ ಸರಿ. ಆದರೂ ನೋವು ಹಿಂದಿನ ಬೆಂಚಿಗೆ ಸರಿಯುವುದು ಆ ಗಾಳಿ ಬೀಸಿದ ಮೇಲೆಯೇ. ಆ ಕಿಟಕಿಯನ್ನು ಮುಚ್ಚಲು ನನಗೆ ಮನಸ್ಸಿಲ್ಲ.