ಹಳೆಯ ನಕ್ಷೆಯ ಸಾಹುಕಾರರು

ಆದೋನಿಯ ಹತ್ತಿ ವ್ಯಾಪಾರಿ ಮರಿಬಸಪ್ಪನವರು ಕಾರಿನ ಪರದೆಯ ನಕ್ಷೆಯನ್ನು ಎಂದೂ ನವೀಕರಿಸಿದವರಲ್ಲ. ಶೋರೂಮಿನವರು ಅಪ್‌ಡೇಟಿಗೆ ಹಣ ಕೇಳಿದಾಗಲೆಲ್ಲ, "ಕಾರಿಗೆ ರೊಕ್ಕ ಕೊಟ್ಟೀನಿ, ರಸ್ತೆಗೆ ಟೋಲ್ ಕಟ್ತೀನಿ, ದಾರಿ ಹೇಳಾಕೂ ಕೂಲಿ ಬೇಕೇನ್ರಿ?" ಎಂದು ಹತ್ತಿಯ ದರ ಇಳಿಸುವ ಗತ್ತಿನಲ್ಲೇ ವಾದಕ್ಕೆ ಕೂರುತ್ತಾರೆ. ಯಂತ್ರದ ಹೆಣ್ಣುದನಿ ಹಿಂದಕ್ಕೆ ತಿರುಗಲು ಹೇಳಿದರೆ, "ನೀನೇ ತಿರುಗವ್ವ" ಎಂದು ಗದರಿ ಮುಂದೆ ಸಾಗುತ್ತಾರೆ. ಈ ಸಲ ಶೋರೂಮಿನವರು ಸೋತು ಉಚಿತವಾಗಿಯೇ ಮಾಡಿಕೊಡುತ್ತೇವೆಂದರೂ ಅವರು ಒಪ್ಪಲಿಲ್ಲ. "ಪುಕ್ಕಟೆ ಕೊಟ್ರೂ ಬ್ಯಾಡಂದ್ರಲ್ರಿ, ಏನಾಗೇತಿ ನಿಮಗ?" ಎಂದು ಮರಳುವ ದಾರಿಯಲ್ಲಿ ಪತ್ನಿ ವೀರಬಸಮ್ಮ ಛೇಡಿಸಿದರು. ಕಾರು ಆಗ ಅವರ ಪಿತ್ರಾರ್ಜಿತ ಹೊಲದ ಮೇಲೆ ಹಾದ ಹೊಸ ಬೈಪಾಸಿನಲ್ಲಿತ್ತು. ಪರದೆಯಲ್ಲಿ ಮಾತ್ರ ರಸ್ತೆಯಿಲ್ಲದ ಹಸಿರು ಬಯಲು. "ನೋಡಿಲ್ಲಿ, ಇದರಾಗ ನಾವಿನ್ನೂ ನಮ್ಮಪ್ಪನ ಹೊಲದಾಗ ಹೊಂಟೀವಿ" ಎಂದು ಮರಿಬಸಪ್ಪನವರು ನೆಮ್ಮದಿಯಿಂದ ವೇಗ ತಗ್ಗಿಸಿದರು.