ಟೈರಿನೊಳಗಿನ ಗಂಟು

ಕಳೆದ ತಿಂಗಳು ಬೈರಿದೇವರಕೊಪ್ಪದ ನಮ್ಮ ಮನೆಗೆ ಬಣ್ಣ ಹಚ್ಚಿಸಲು ಅಟ್ಟದ ಸಾಮಾನೆಲ್ಲ ಕೆಳಗಿಳಿಸಿದೆವು. ಒಂದು ಗೋಣಿಚೀಲದ ಬಾಯಿ ಬಿಚ್ಚಿದೊಡನೆ ಹಳೆಯ ರಬ್ಬರು ಮತ್ತು ಒಣಗಿದ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಬಂತು. ಒಳಗಿದ್ದದ್ದು ನನ್ನ ರೇಸ್ ಸೈಕಲ್ಲಿನ ಹಿಂದಿನ ಗಾಲಿಯ ಟೈರು. ಬಿಸಾಡಲೆಂದು ಎತ್ತಿಕೊಂಡವನು ಹಾಗೇ ನಿಂತೆ. ಆ ವಾಸನೆಯ ಬೆನ್ನಿಗೇ ಮಜ್ಜಿಗೆಯ ಹುಳಿವಾಸನೆಯೂ ಬಂದಂತಾಯಿತು... ಅದು ಚೀಲದೊಳಗಿಂದ ಬಂದದ್ದಲ್ಲ ಎಂದು ನನಗೆ ಗೊತ್ತು.

ನೆನಪಾದವಳು ಗರಗದ ಅಕ್ಕ. ಆಕೆಗೂ ನನಗೂ ಯಾವ ಸಂಬಂಧವೂ ಇಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ, ಒಂದು ಮಧ್ಯಾಹ್ನ, ಒಂದು ತಾಸಿನ ಮಟ್ಟಿಗೆ ನೋಡಿದವಳು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಇಷ್ಟೇ: "ಗರಗದಲ್ಲಿ ಪಂಕ್ಚರ್. ನಾನೇ ಹೊಲಿದೆ. ಗಡುವಿಗೆ ಎಂಟು ನಿಮಿಷ ಮೊದಲು ಮುಟ್ಟಿದೆ." ಅದರಲ್ಲಿ ಆಕೆ ಇಲ್ಲವೇ ಇಲ್ಲ. ಮುಂದೆ ಹೇಳುವುದೆಲ್ಲ ನೆನಪಿನಿಂದ ತೆಗೆದದ್ದು. ನೆನಪನ್ನು ನಾನು ಪೂರ್ತಿ ನಂಬುವವನಲ್ಲ.

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಅದು ಐದು ದಿನಗಳ ಸೈಕಲ್ ಸ್ಪರ್ಧೆ, ದಿನಕ್ಕೊಂದು ಊರು. ಗೆಲ್ಲುವ ಆಸೆ ನನಗಿರಲಿಲ್ಲ, ಮುಗಿಸಿದರೆ ಸಾಕಿತ್ತು. ಹಿಂದಿನ ವರ್ಷ ಎರಡನೇ ದಿನವೇ ಕೈಚೆಲ್ಲಿ, ಸೋತವರನ್ನು ಹೊತ್ತು ತರಲು ಹಿಂದೆಯೇ ಬರುತ್ತಿದ್ದ ಟೆಂಪೋ ಹತ್ತಿದ್ದೆ. ಅಂದಿನಿಂದ ಹಾಸ್ಟೆಲ್ಲಿನಲ್ಲಿ ನನ್ನ ಹೆಸರು ಟೆಂಪೋ ಸಾಹೇಬ. ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತರೂ ಯಾರಾದರೊಬ್ಬರು "ಸಾಹೇಬ್ರಿಗೆ ಸೀಟ್ ಬಿಡ್ರಿ" ಅನ್ನುತ್ತಿದ್ದರು. ಎರಡನೇ ಸಲ ಆ ಟೆಂಪೋ ಹತ್ತಿದ್ದರೆ ಸೈಕಲ್ಲನ್ನೇ ಬಿಟ್ಟುಬಿಡುತ್ತಿದ್ದೆ ಅನ್ನಿಸುತ್ತದೆ.

ಮೂರನೇ ದಿನ ಬೆಳಗಾವಿಯಿಂದ ಹುಬ್ಬಳ್ಳಿ. ಹೆದ್ದಾರಿ ಬಿಟ್ಟು ಗರಗದ ಮೇಲೆ ಹಾಯ್ದು ಧಾರವಾಡ ಸೇರುವ ಹಾದಿ. ಸಂಜೆ ನಾಲ್ಕರೊಳಗೆ ಹುಬ್ಬಳ್ಳಿ ಮುಟ್ಟದವರು ಹೊರಗೆ. ಸೈಕಲ್ಲಿಗೆ ಬೇರೆಯವರು ಕೈ ಹಚ್ಚಿದರೂ ಹೊರಗೆ. ಜೊತೆಗೊಯ್ದಿದ್ದ ಇನ್ನೊಂದು ಟೈರು ಕಿತ್ತೂರಿನ ಆಚೆಯೇ ಖರ್ಚಾಗಿತ್ತು. ಗರಗದಲ್ಲಿ ಎರಡನೇ ಪಂಕ್ಚರ್ ಆದಾಗ ಗಂಟೆ ಒಂದೂ ಕಾಲು.

ನಮ್ಮ ರೇಸ್ ಟೈರುಗಳಲ್ಲಿ ಟ್ಯೂಬನ್ನು ಒಳಗಿಟ್ಟು ಹೊಲಿದೇ ಬಿಟ್ಟಿರುತ್ತಿದ್ದರು. ಪಂಕ್ಚರ್ ಆದರೆ ಒಳಮೈಗೆ ಅಂಟಿಸಿದ ಪಟ್ಟಿ ಕಿತ್ತು, ಹೊಲಿಗೆ ಬಿಚ್ಚಿ, ಟ್ಯೂಬಿಗೆ ತೇಪೆ ಹಚ್ಚಿ, ಮತ್ತೆ ಹೊಲಿಯಬೇಕು. ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ತೇಪೆ ಹಚ್ಚಿದೆ. ಹೊಲಿಯಲು ಹೋದರೆ ಒಯ್ದಿದ್ದ ದಾರ ಎಳೆದಲ್ಲೆಲ್ಲ ತುಂಡಾಯಿತು. ಅಷ್ಟರಲ್ಲಿ ಟೆಂಪೋ ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಬರ್ರಿ ಸಾಹೇಬ್ರ, ಹ್ವಾದ ವರ್ಷದ ಸೀಟ ನಿಮ್ಮ ಸಲುವಾಗಿ ಹಂಗ ಇಟ್ಟೇನಿ," ಅಂದ. ನಾನು ತಲೆಯೆತ್ತದೆ ಸೂಜಿಗೆ ಮತ್ತೆ ದಾರ ಪೋಣಿಸಿದೆ. ಆತ ನಕ್ಕು ಮುಂದಿನ ಅಂಗಡಿಗೆ ಚಹಾ ಕುಡಿಯಲು ಹೋದ.

"ಏನ ತಮ್ಮಾ, ಗಾಲಿ ಹೊಲ್ಯಾಕತ್ತೀಯೇನ?"

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಊರಿನ ಖಾದಿ ಕೇಂದ್ರದಲ್ಲಿ ನೂಲುವ ಕೆಲಸ ಮುಗಿಸಿ ಊಟಕ್ಕೆ ಬಂದಿದ್ದಳಂತೆ. ಸೀರೆಯ ಮೇಲೆಲ್ಲ ಹತ್ತಿಯ ಎಳೆ. ನನ್ನ ದಾರದ ತುಂಡನ್ನು ಕಟ್ಟೆಯ ಮೇಲಿಂದ ಎತ್ತಿ ಬೆರಳಲ್ಲಿ ತಿರುವಿ ನೋಡಿ, "ಇದು ಗುಂಡಿ ಹಚ್ಚೂ ದಾರ. ಇದನ್ನ ನಂಬಿ ಹುಬ್ಬಳ್ಳಿಗೆ ಹೊಂಟೀಯಾ?" ಅಂದಳು.

ಒಳಗೆ ಹೋಗಿ ತಾನೇ ತೆಗೆದ ನೂಲು ತಂದಳು. ನಾಲ್ಕು ಎಳೆ ಕೂಡಿಸಿ, ಮೊಣಕಾಲಿನ ಕೆಳಗೆ ಅಂಗೈಯಿಂದ ಹೊಸೆದು, ಮೇಣ ತಿಕ್ಕಿದಳು. ಕೊಟ್ಟ ಹುರಿಯನ್ನು ಎಳೆದು ನೋಡಿದೆ, ಅಂಗೈಗೆ ಕೊಯ್ಯುವಷ್ಟು ಗಟ್ಟಿ. ಆಮೇಲೆ ಟೈರಿಗೆ ಕೈ ಚಾಚಿದಳು. ನಾನು ಗಾಬರಿಯಾಗಿ ಹಿಂದಕ್ಕೆಳೆದುಕೊಂಡೆ.

"ಬ್ಯಾಡ್ರಿ ಅಕ್ಕಾರ! ಬ್ಯಾರೇದವ್ರು ಕೈ ಹಚ್ಚಿದ್ರ ನನ್ನ ಹೊರಗ ಹಾಕ್ತಾರ."

"ಅಯ್ಯ, ಇದೆಂಥಾ ಆಟಪಾ! ನಮ್ಮಲ್ಲೆ ಒಂದ ಧೋತರ ಆಗಬೇಕಂದ್ರ ಹತ್ತ ಮಂದಿ ಕೈ ಬೇಕು. ಬೈಯಾಕರ ಅಡ್ಡಿ ಇಲ್ಲಲ್ಲ?"

ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನನ್ನೆದುರು ಕುಳಿತಳು. ಹಾಗೆ ಕೈ ಕಟ್ಟಿಹಾಕಿಕೊಂಡು ಕೂರುವುದು ಆಕೆಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಮುಖದಲ್ಲೇ ಕಾಣುತ್ತಿತ್ತು. ನಾನು ಹೊಲಿದೆ, ಆಕೆ ಬೈದಳು.

"ಅಷ್ಟ ದೂರ ದೂರ ಹಾಕಬ್ಯಾಡೋ, ಏನ ದನಕ್ಕ ಹಸೀ ಕಣಕಿ ಕಟ್ಟಾಕತ್ತೀಯೇನ? ... ಟ್ಯೂಬಿನ ಮ್ಯಾಲೆ ಬೆರಳಿಟ್ಟ ಸೂಜಿ ಹಾಕು. ಚುಚ್ಚಿದ್ರ ನಿನ್ನ ಬೆರಳಿಗೆ ಚುಚ್ಚಲಿ. ನಿಂದು ತಾನ ಮಾಯತೈತಿ, ಅದು ಮಾಯಾಂಗಿಲ್ಲ."

ಚುಚ್ಚಿತು. ಎರಡು ಮೂರು ಸಲ ಚುಚ್ಚಿತು. ಕೊನೆಯ ಹೊಲಿಗೆಯ ಹೊತ್ತಿಗೆ ಸೂಜಿ ಕೈಜಾರತೊಡಗಿದಾಗ ಆಕೆ, "ಮದ್ಲ ಇದನ್ನ ಕುಡಿ. ಹಸದ ಕೈಲೆ ಹೊಲಿಗಿ ಬರಂಗಿಲ್ಲ," ಎಂದು ತಂಬಿಗೆ ತುಂಬ ಮಜ್ಜಿಗೆ ಕೊಟ್ಟಳು. ಅದು ತನ್ನ ಊಟದ ಮಜ್ಜಿಗೆಯೇ ಇರಬೇಕು. ನಾನು ಕೇಳಲಿಲ್ಲ. ತಲೆಯೆತ್ತಿ ಗಟಗಟ ಕುಡಿದೆ. ಪಟ್ಟಿ ಅಂಟಿಸಿ, ಗಂಟೆ ಎರಡೂ ಕಾಲಾಗುವಷ್ಟರಲ್ಲಿ ಗಾಲಿ ಸಿದ್ಧವಾಯಿತು.

ಮುಂದಿನ ದಾರಿ ನನಗೆ ತುಣುಕು ತುಣುಕಾಗಿ ಮಾತ್ರ ನೆನಪಿದೆ. ಧಾರವಾಡದ ಇಳಿಜಾರು, ಎದುರುಗಾಳಿ, ತೊಡೆ ಹಿಡಿದುಕೊಂಡದ್ದು. ಈಗ ನನ್ನ ಮನೆಯಿರುವ ಈ ಬೈರಿದೇವರಕೊಪ್ಪದ ಬಳಿ ಟೆಂಪೋದ ಹಾರ್ನು ಬೆನ್ನಿಗೇ ಕೇಳಿಸಿತ್ತು. ಹುಬ್ಬಳ್ಳಿ ಮುಟ್ಟಿದವರಲ್ಲಿ ನಾನೇ ಕೊನೆಯವನು. ತಪಾಸಣೆಯವರು ಗಾಲಿ ತಿರುಗಿಸಿ ನೋಡಿ ಕೇಳಿದರು: "ಯಾರರ ಕೈ ಹಚ್ಚಿದ್ರೇನು?"

"ಇಲ್ರಿ," ಅಂದೆ. ತಡವರಿಸದೆ ಅಂದೆ.

ಉಳಿದೆರಡು ದಿನವನ್ನೂ ಮುಗಿಸಿದೆ. "ಪರರ ನೆರವಿಲ್ಲದೆ ಪೂರ್ಣಗೊಳಿಸಿದ್ದಾರೆ" ಎಂದು ಅಚ್ಚಾದ ಪ್ರಶಸ್ತಿಪತ್ರ ಸಿಕ್ಕಿತು. ಈಗ ಬಣ್ಣಕ್ಕೆಂದು ಇಳಿಸುವವರೆಗೂ ಅದು ನಮ್ಮ ಹಜಾರದ ಗೋಡೆಯ ಮೇಲೇ ಇತ್ತು. ಮಕ್ಕಳಿಗೆ, ನೆಂಟರಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಅಕ್ಕ ಸೆರಗಿನೊಳಗೆ ಕೈ ಸುತ್ತಿಕೊಂಡೇ ಕುಳಿತಿರುತ್ತಿದ್ದಳು.

ಅಟ್ಟದಿಂದ ಇಳಿದ ಟೈರಿನ ಅಂಟು ಒಣಗಿತ್ತು. ಮುಟ್ಟಿದ್ದೇ ತಡ ಪಟ್ಟಿ ತಾನಾಗಿ ಎದ್ದು ಬಂದು ಹೊಲಿಗೆ ಕಾಣಿಸಿತು. ಗೇಣುದ್ದದ ಸೊಟ್ಟ ಹೊಲಿಗೆ, ಪಕ್ಕದಲ್ಲಿ ನನ್ನ ಬೆರಳಿನ ನೆತ್ತರು ಒಣಗಿದ ಕಂದುಬಣ್ಣದ ಎರಡು ಕಲೆ. ಅಷ್ಟರಮಟ್ಟಿಗೆ ನೆನಪು ಸುಳ್ಳು ಹೇಳಿರಲಿಲ್ಲ. ಶುರುವಿನ ಗಂಟು ನನ್ನದೇ, ಕಡಲೆಕಾಳಿನಷ್ಟು ದಪ್ಪ. ಆದರೆ ಕೊನೆಯ ಗಂಟು ಸಣ್ಣದು, ಚಪ್ಪಟೆ, ಬೆರಳಾಡಿಸಿದರೂ ತಾಗದಂಥದ್ದು. ಅಂಥ ಗಂಟು ಹಾಕಲು ನನಗೆ ಇವತ್ತಿಗೂ ಬರುವುದಿಲ್ಲ.

ನಾನು ತಲೆಯೆತ್ತಿ ಮಜ್ಜಿಗೆ ಕುಡಿಯುವಾಗ ಟೈರು ಕಟ್ಟೆಯ ಮೇಲಿತ್ತು. ಆಗ ದಾರ ಕಚ್ಚಿ ಹರಿದ ಸಪ್ಪಳ ಕೇಳಿದಂತೆ ಈಗ ಅನ್ನಿಸುತ್ತದೆ... ಕೇಳಿತ್ತೇ? ಕೇಳಿಯೂ ತಂಬಿಗೆ ಕೆಳಗಿಳಿಸಲಿಲ್ಲವೇ? ಅಥವಾ ಗಂಟು ನೋಡಿದ ಮೇಲೆ ನಾನೇ ಆ ಸಪ್ಪಳವನ್ನು ಹುಟ್ಟಿಸಿಕೊಂಡೆನೇ? "ಇಲ್ರಿ" ಅಂದದ್ದು ಸುಳ್ಳೋ, ತಿಳಿಯದೆ ಆಡಿದ ಮಾತೋ, ನನಗೆ ಖಂಡಿತವಾಗಿ ಹೇಳಲು ಆಗುತ್ತಿಲ್ಲ.

ಮೊನ್ನೆ ಟೈರು ಹಿಡಿದು ಗರಗಕ್ಕೆ ಹೋದೆ. ಆ ಕಟ್ಟೆ ಇದ್ದ ಕಡೆ ಹೊಸ ಮನೆ ಎದ್ದಿದೆ. ಪಕ್ಕದ ಮನೆಯ ನೆರಳಿನಲ್ಲಿ ಕುಳಿತಿದ್ದ ಮುದುಕಿಯೊಬ್ಬರು, "ಯಾರ ಬೇಕಾಗಿತ್ತರಿ?" ಎಂದು ಕೇಳಿದರು.

"ಇಲ್ಲೆ ಒಬ್ಬ ಅಕ್ಕಾರ ಇದ್ರು. ನೂಲತಿದ್ರು."

"ಆಗ ಎಲ್ಲಾರೂ ನೂಲತಿದ್ವಿ. ಹೆಸರ ಏನ್ರಿ?"

ಹೆಸರು... ಅಂದು ನಾನು ಕೇಳಿರಲಿಲ್ಲ. ಆ ತಾಸಿನಲ್ಲಿ ನಾನು ಹೆಚ್ಚು ಸಲ ನೋಡಿದ್ದು ಕೈಗಡಿಯಾರವನ್ನು. ಟೈರು ಮುಂದೆ ಹಿಡಿದೆ. ಅವರು ಗಂಟಿನ ಮೇಲೆ ಉಗುರಾಡಿಸಿ ನಕ್ಕರು. "ಇದು ನಮ್ಮ ಗಂಟ. ಎಳಿ ಹರದ್ರ ಹಿಂಗ ಕೂಡಸ್ತಿದ್ವಿ. ಯಾರ ಹಾಕ್ಯಾರಂತ ಹ್ಯಾಂಗ ಹೇಳಲಿ? ಆ ಕಾಲದವ್ರು ಭಾಳ ಮಂದಿ ಹೋದ್ರರಿ. ಬಿಚ್ಚಿ ತೋರಸ್ಲೇನು, ಹ್ಯಾಂಗ ಹಾಕೂದಂತ?"

"ಬ್ಯಾಡ್ರಿ ಅವ್ವಾ," ಅಂದೆ. ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು.

ಮನೆಗೆ ಬಂದು ಸೊಲ್ಯೂಷನ್ ತಂದು ಪಟ್ಟಿಯನ್ನು ಮತ್ತೆ ಅಂಟಿಸಬೇಕೆಂದುಕೊಂಡೆ, ಅಂಟಿಸಲಿಲ್ಲ. ಗೋಡೆಗೆ ಬಣ್ಣ ಒಣಗಿದೆ. ಪ್ರಶಸ್ತಿಪತ್ರ ಇನ್ನೂ ಮೇಜಿನ ಮೇಲೇ ಇದೆ. ಅದರ ಮೊಳೆಗೆ ಸದ್ಯಕ್ಕೆ ಟೈರು ತೂಗುಹಾಕಿದ್ದೇನೆ, ಗಂಟು ಹೊರಗೆ ಕಾಣುವ ಹಾಗೆ.