ಬೆಟ್ಟಕ್ಕೆ ಅಡ್ಡ ಬಂದ ಪಂಪ್‌ಹೌಸ್

ನಮ್ಮ ದೊಡ್ಡಪ್ಪ ಬೈರಣ್ಣನವರಿಗೆ ಕ್ಯಾಲೆಂಡರ್ ಬಿಟ್ಟರೆ ಬೇರೆ ಚಿತ್ರ ಗೊತ್ತಿರಲಿಲ್ಲ. ತೊಂಬತ್ತೊಂದರಲ್ಲಿ ನಮ್ಮ ಬಾಡಿಗೆ ಕೋಣೆಗೆ ಬಂದ ಡ್ರಾಯಿಂಗ್ ಮೇಷ್ಟ್ರು ಮೂರ್ತಿ, ಕಣದಲ್ಲಿ ಕುಳಿತು ಮಾಕಳಿದುರ್ಗದ ಬೆಟ್ಟವನ್ನು ಎಣ್ಣೆಬಣ್ಣದಲ್ಲಿ ಬರೆದರು. ಬೆಟ್ಟದ ಮುಂದೆಯೇ ದೊಡ್ಡಪ್ಪ ಹೊಸದಾಗಿ ಕಟ್ಟಿಸಿದ ಪಂಪ್‌ಹೌಸ್ ಇತ್ತು. ಅದು ಅವರ ಜೀವಮಾನದ ಹೆಮ್ಮೆ. ಚಿತ್ರದಲ್ಲಿ ಮಾತ್ರ ಅದು ಇರಲಿಲ್ಲ.

“ಕಣ್ಣು ಬೆಟ್ಟದ ಕಡೆ ಹೋಗ್ಲಿ ಅಂತ ಬಿಟ್ಟಿದ್ದಾರೆ ದೊಡ್ಡಪ್ಪ,” ಎಂದೆ. ಮೇಷ್ಟ್ರಿಂದ ಆಗಷ್ಟೇ ಕಲಿತ ಮಾತು.

“ಕಣ್ಣು ಎಲ್ಲಿಗಾದ್ರೂ ಹೋಗ್ಲಿ ಕಣಮ್ಮ, ನನ್ ಪಂಪ್‌ಹೌಸ್ ಎಲ್ಲಿಗೋಯ್ತು? ಅದಿಲ್ದೆ ಈ ಚಿತ್ರ ನಮ್ ಹೊಸ್ತಿಲು ದಾಟಲ್ಲ!”

ಮಾರನೆಯ ದಿನವೇ ದೊಡ್ಡಬಳ್ಳಾಪುರದಲ್ಲಿ ಪ್ರದರ್ಶನ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಬಿಳಿ ಗೋಡೆ, ನೀಲಿ ಬಾಗಿಲು ಸಮೇತ ಪಂಪ್‌ಹೌಸ್ ಬರೆದುಕೊಟ್ಟರು.

ದೊಡ್ಡಪ್ಪ ಕುರ್ಚಿ ಎಳೆದು ಕುಳಿತರು. ಎದ್ದು ಹಿಂದೆ ಸರಿದು ನೋಡಿದರು, ತಲೆ ಓರೆ ಮಾಡಿ ನೋಡಿದರು. ಎಲ್ಲಿಂದ ನೋಡಿದರೂ ಬಿಳಿ ಗೋಡೆಯೇ ಕಣ್ಣಿಗೆ ಹೊಡೆಯುತ್ತಿತ್ತು. ಸಂಜೆಯ ಬೆಟ್ಟ ಅದರ ಹಿಂದೆ ಎಲ್ಲೋ ಕಳೆದುಹೋಗಿತ್ತು.

“ಥೂ, ಅಳಿಸಿಬಿಡಿ ಮೇಷ್ಟ್ರೇ. ಬೆಟ್ಟಾನೇ ನುಂಗ್ಬಿಟ್ಟೈತೆ.”

“ಬರಿ ಅಂತೀರಿ, ಅಳಿಸು ಅಂತೀರಿ! ನಾನೇನು ಸುಣ್ಣ ಬಳಿಯೋನಾ?” ಎಂದು ಸಿಡುಕುತ್ತಲೇ ಮೇಷ್ಟ್ರು ಹಸಿ ಬಣ್ಣವನ್ನು ಬಟ್ಟೆಯಿಂದ ಒರೆಸಿದರು.

ಚಿತ್ರ ಪ್ರದರ್ಶನಕ್ಕೆ ಹೋಯಿತು. ದೊಡ್ಡಪ್ಪನ ಕಿರಿಕಿರಿ ಮಾತ್ರ ಮನೆಯಲ್ಲೇ ಉಳಿಯಿತು. ಈಗಲೂ ಸಂಜೆ ಕಣದಲ್ಲಿ ನಿಂತು, ಅಂಗೈ ಚಾಚಿ ನಿಜವಾದ ಪಂಪ್‌ಹೌಸನ್ನು ಮರೆಮಾಡಿಕೊಂಡು ಬೆಟ್ಟ ನೋಡುತ್ತಾರೆ. ಆಮೇಲೆ ಕೈ ಇಳಿಸಿ ಗೊಣಗುತ್ತಾರೆ:

“ಯಾವನಾದ್ರೂ ಅಲ್ಲಿ ಕಟ್ತಾನಾ?”